ಚಾರ್ಟಿನಲ್ಲಿ ಕಾಣುವ ಬೆಲೆ ಯಾವ ಕಾಂಟ್ರಾಕ್ಟಿನದು?

ಕಮಾಡಿಟಿ ಫ್ಯೂಚರ್ಸ್ ವಹಿವಾಟಿಗೆ, ಎಂದರೆ ಸರಕನ್ನು ಮುಂದಿನ ಒಂದು ನಿಗದಿತ ತಿಂಗಳಿನಲ್ಲಿ ಕೊಡುವ ಅಥವಾ ಪಡೆಯುವ ಕಾಂಟ್ರಾಕ್ಟುಗಳ ವಹಿವಾಟಿಗೆ, ಇಳಿದ ಮೊದಲ ವರ್ಷದಲ್ಲಿ ನಾನು ನೈಸರ್ಗಿಕ ಅನಿಲದ ದೈನಿಕ ಚಾರ್ಟಿನ ಮೇಲೆ ಒಂದು ಅಡ್ಡಗೆರೆ ಎಳೆದಿದ್ದೆ. ಹಿಂದಿನ ಹತ್ತು ತಿಂಗಳುಗಳಲ್ಲಿ ಬೆಲೆ ಮೂರು ಬಾರಿ ಆ ಮಟ್ಟಕ್ಕೆ ಇಳಿದು, ಮೂರೂ ಬಾರಿ ಅಲ್ಲಿಂದ ಮೇಲೆದ್ದಿತ್ತು. ಬೆಂಬಲ ಮಟ್ಟ ಎಂಬುದಕ್ಕೆ ಅಷ್ಟು ಸ್ವಚ್ಛವಾದ ಉದಾಹರಣೆ ನನ್ನ ಓದಿನಲ್ಲಿ ಅದುವರೆಗೆ ಸಿಕ್ಕಿರಲಿಲ್ಲ. ನಾಲ್ಕನೆಯ ಬಾರಿ ಬೆಲೆ ಗೆರೆಯನ್ನು ಮುಟ್ಟಿದಾಗ ಕೊಂಡೆ. ಬೆಲೆ ಅಲ್ಲಿಗೆ ಇಳಿದರೆ ತಾನಾಗಿ ಮಾರಿ ನಷ್ಟವನ್ನು ನಿಲ್ಲಿಸುವ ಆದೇಶವಾದ ಸ್ಟಾಪ್‌ಲಾಸನ್ನು ಗೆರೆಯಿಂದ ಸ್ವಲ್ಪ ಕೆಳಗೆ ಇಟ್ಟೆ. ಅಲ್ಲೊಂದು ಗೆರೆಯಿದೆ ಎಂಬುದೇ ಮಾರುಕಟ್ಟೆಗೆ ತಿಳಿಯದೇನೋ ಎಂಬಂತೆ ಬೆಲೆ ಅರ್ಧ ಗಂಟೆಯೊಳಗೆ ಅದನ್ನು ದಾಟಿ ಇಳಿಯಿತು. ನಷ್ಟ ದೊಡ್ಡದೇನಲ್ಲ. ಕಾರಣ ಹುಡುಕಲು ಕುಳಿತಾಗ, ನಾನು ಕೊಂಡಿದ್ದ ತಿಂಗಳ ಕಾಂಟ್ರಾಕ್ಟಿನ ಚಾರ್ಟನ್ನು ಮೊದಲ ಬಾರಿಗೆ ಬೇರೆಯಾಗಿ ತೆರೆದು ನೋಡಿದೆ. ಆ ಹತ್ತು ತಿಂಗಳುಗಳಲ್ಲಿ ಆ ಕಾಂಟ್ರಾಕ್ಟು ಆ ಮಟ್ಟದ ಹತ್ತಿರಕ್ಕೂ ಬಂದಿರಲಿಲ್ಲ. ನನ್ನ ಗೆರೆ ಹಾದುಹೋಗಿದ್ದ ಮೂರು ತಳಗಳು ಆಗಲೇ ಅವಧಿ ಮುಗಿಸಿದ್ದ ಮೂರು ಬೇರೆ ಬೇರೆ ಕಾಂಟ್ರಾಕ್ಟುಗಳವು. ಅವುಗಳ ಬೆಲೆಯನ್ನು ಕೂಡ ತಂತ್ರಾಂಶವು ಒಂದಿಷ್ಟು ಕೂಡಿಸಿ ಮೇಲೆತ್ತಿ ತೋರಿಸುತ್ತಿತ್ತು. ಎಂದರೆ ಆ ಬೆಲೆಗೆ ಅಂದು ಯಾರೂ ಏನನ್ನೂ ಕೊಂಡಿರಲಿಲ್ಲ. ಯಾರೂ ಕೊಳ್ಳದ ಬೆಲೆಗೆ ಬೆಂಬಲ ಎಲ್ಲಿಂದ ಬರಬೇಕು?

ಷೇರಿನ ಚಾರ್ಟನ್ನು ಓದಲು ಕಲಿತು ಕಮಾಡಿಟಿಗೆ ಬರುವವರೆಲ್ಲರೂ ಎಡವುವ ಜಾಗ ಇದೇ ಎಂದು ನನಗೀಗ ಅನಿಸುತ್ತದೆ. ಒಂದು ಕಂಪನಿಯ ಷೇರು ಹತ್ತು ವರ್ಷಗಳ ಹಿಂದೆಯೂ ಅದೇ ಷೇರು, ಇಂದೂ ಅದೇ ಷೇರು. ಫ್ಯೂಚರ್ಸ್ ಕಾಂಟ್ರಾಕ್ಟಿಗೆ ಹುಟ್ಟೂ ಇದೆ, ಸಾವೂ ಇದೆ. ಡಿಸೆಂಬರಿನ ಮೆಕ್ಕೆಜೋಳ ಬೇರೆ, ಮಾರ್ಚಿಯ ಮೆಕ್ಕೆಜೋಳ ಬೇರೆ; ಒಂದೇ ದಿನ, ಒಂದೇ ವಿನಿಮಯ ಕೇಂದ್ರದಲ್ಲಿ, ಅವೆರಡಕ್ಕೂ ಬೇರೆ ಬೇರೆ ಬೆಲೆ ಇರುತ್ತದೆ. ಹತ್ತು ವರ್ಷಗಳ ಉದ್ದಕ್ಕೆ ಒಂದೇ ಗೆರೆಯಾಗಿ ಕಾಣುವ ಚಾರ್ಟನ್ನು ಯಾರೋ ಹೊಲಿದಿರುತ್ತಾರೆ, ಮತ್ತು ಹೊಲಿಗೆ ಎಲ್ಲಿ ಬಿದ್ದಿದೆ ಎಂಬುದು ಸಾಮಾನ್ಯವಾಗಿ ಮೇಲ್ನೋಟಕ್ಕೆ ಕಾಣುವುದಿಲ್ಲ.

ಹೊಲಿಯುವ ವಿಧಾನಗಳು ಮುಖ್ಯವಾಗಿ ಮೂರು. ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ: ಅವಧಿ ಮುಗಿಯುತ್ತಿರುವ ಕಾಂಟ್ರಾಕ್ಟಿನ ಬೆಲೆ 80 ಡಾಲರ್, ಮುಂದಿನ ತಿಂಗಳದ್ದು 83 ಡಾಲರ್. ಏನನ್ನೂ ತಿದ್ದದೆ ಸುಮ್ಮನೆ ಒಂದರ ಪಕ್ಕ ಇನ್ನೊಂದನ್ನು ಅಂಟಿಸಿದರೆ ಚಾರ್ಟಿನಲ್ಲಿ 3 ಡಾಲರಿನ ಜಿಗಿತ ಕಾಣುತ್ತದೆ. ಆದರೆ ಆ ದಿನ ಖರೀದಿಯ ಸ್ಥಾನದಲ್ಲಿದ್ದ ಯಾರ ಖಾತೆಗೂ ಆ 3 ಡಾಲರ್ ಬಂದಿರುವುದಿಲ್ಲ, ಏಕೆಂದರೆ ಆತ 80ಕ್ಕೆ ಮಾರಿ 83ಕ್ಕೆ ಕೊಂಡು ಮುಂದುವರಿದಿರುತ್ತಾನೆ. ಎರಡನೆಯ ವಿಧಾನದಲ್ಲಿ ಹಿಂದಿನ ಬೆಲೆಗಳೆಲ್ಲಕ್ಕೂ ಆ ಅಂತರವನ್ನು ಕೂಡಿಸುತ್ತಾರೆ: ಹಿಂದೊಮ್ಮೆ 40 ಇದ್ದದ್ದು 43 ಆಗುತ್ತದೆ. ಮೂರನೆಯದರಲ್ಲಿ ಅನುಪಾತದಿಂದ ಗುಣಿಸುತ್ತಾರೆ: 83ನ್ನು 80ರಿಂದ ಭಾಗಿಸಿದರೆ 1.0375, ಹಾಗಾಗಿ 40 ಇದ್ದದ್ದು 41.50 ಆಗುತ್ತದೆ. ಅಂತರ ಕೂಡಿಸುವ ವಿಧಾನದಲ್ಲಿ ದಿನದಿಂದ ದಿನಕ್ಕೆ ಆದ ಏರಿಳಿತ ಡಾಲರ್ ಲೆಕ್ಕದಲ್ಲಿ ಸರಿಯಾಗಿ ಉಳಿಯುತ್ತದೆ, ಶೇಕಡಾವಾರು ಲೆಕ್ಕ ಕೆಡುತ್ತದೆ. ಅನುಪಾತದ ವಿಧಾನದಲ್ಲಿ ಇದರ ತದ್ವಿರುದ್ಧ. ಈ ಎರಡರಲ್ಲಿ ಯಾವುದನ್ನು ಬಳಸಿದರೂ ಹಳೆಯ ಬೆಲೆಯ ಮಟ್ಟ ಮಾತ್ರ ಉಳಿಯುವುದಿಲ್ಲ.

ಪ್ರತಿ ರೋಲ್‌ನಲ್ಲಿಯೂ, ಎಂದರೆ ಒಂದು ತಿಂಗಳ ಕಾಂಟ್ರಾಕ್ಟಿನಿಂದ ಮುಂದಿನದಕ್ಕೆ ದಾಟುವಾಗಲೆಲ್ಲ, ಹೀಗೆ ತಿದ್ದುತ್ತ ಹೋದರೆ ವಿಚಿತ್ರಗಳು ಕಾಣಿಸಿಕೊಳ್ಳುತ್ತವೆ. ದೂರದ ತಿಂಗಳು ಹತ್ತಿರದ ತಿಂಗಳಿಗಿಂತ ತುಟ್ಟಿಯಾಗಿರುವ ಸ್ಥಿತಿಗೆ ಕಾಂಟ್ಯಾಂಗೊ ಎನ್ನುತ್ತಾರೆ. ಇದು ದೀರ್ಘಕಾಲ ಮುಂದುವರಿದ ಸರಕಿನ ಹಳೆಯ ಬೆಲೆಗಳು, ಅಂತರ ಕೂಡಿಸಿದ ಚಾರ್ಟಿನಲ್ಲಿ, ನಂಬಲಾಗದಷ್ಟು ಎತ್ತರಕ್ಕೆ ಹೋಗಿ ಕುಳಿತಿರುತ್ತವೆ. ಹತ್ತಿರದ ತಿಂಗಳೇ ತುಟ್ಟಿಯಾಗಿರುವುದು ಬ್ಯಾಕ್ವರ್ಡೇಶನ್. ಇದು ಹೆಚ್ಚು ಕಾಲ ನಡೆದರೆ ಹಳೆಯ ಬೆಲೆಗಳು ಕೆಳಗೆ ತಳ್ಳಿಸಿಕೊಂಡು ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಇಳಿದಿರುತ್ತವೆ. ನೈಸರ್ಗಿಕ ಅನಿಲದಲ್ಲಿ ಚಳಿಗಾಲದ ತಿಂಗಳುಗಳ ಬೇಡಿಕೆಯೇ ಬೇರೆಯಾದ್ದರಿಂದ ಮಾರ್ಚಿ ಕಾಂಟ್ರಾಕ್ಟಿನಿಂದ ಏಪ್ರಿಲ್ ಕಾಂಟ್ರಾಕ್ಟಿಗೆ ದಾಟುವ ಜಾಗದಲ್ಲಿ ದೊಡ್ಡ ಅಂತರ ಬೀಳಬಹುದು. ನನ್ನ ಅಡ್ಡಗೆರೆ ಎಳೆದದ್ದು ಇಂಥ ಸರಕಿನ ಮೇಲೆ ಎಂಬುದನ್ನು ನೆನೆದರೆ ಈಗ ನಗು ಬರುತ್ತದೆ.

ಇದರಿಂದ ನಾನು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಬೆಂಬಲ, ಪ್ರತಿರೋಧ (ಏರುವ ಬೆಲೆ ತಡೆದು ನಿಲ್ಲುವ ಮಟ್ಟ), ದುಂಡು ಸಂಖ್ಯೆಗಳು, ಹಳೆಯ ಶಿಖರ ಮತ್ತು ತಳಗಳು ಇವನ್ನೆಲ್ಲ ನಾನು ವ್ಯವಹಾರ ಮಾಡಲಿರುವ ಕಾಂಟ್ರಾಕ್ಟಿನ ಸ್ವಂತ ಚಾರ್ಟಿನಲ್ಲಿ ಮಾತ್ರ ಗುರುತಿಸುತ್ತೇನೆ. ಚಲಿಸುವ ಸರಾಸರಿ, ದೀರ್ಘಾವಧಿಯ ಟ್ರೆಂಡ್, ಏರಿಳಿತದ ಅಳತೆ ಇವುಗಳಿಗೆ ಮಾತ್ರ ತಿದ್ದಿದ ನಿರಂತರ ಚಾರ್ಟನ್ನು ಬಳಸುತ್ತೇನೆ. ಚಿನ್ನ ಇದಕ್ಕೆ ಸ್ವಲ್ಪ ಮಟ್ಟಿಗೆ ಹೊರತು: ಅದನ್ನು ಕೂಡಿಡುವ ಖರ್ಚು ಕಡಿಮೆ, ತಿಂಗಳಿಂದ ತಿಂಗಳಿಗೆ ಇರುವ ಅಂತರ ಬಹುತೇಕ ಬಡ್ಡಿಯ ಲೆಕ್ಕವಷ್ಟೇ ಆಗಿರುತ್ತದೆ, ಆದ್ದರಿಂದ ಹೊಲಿಗೆಯ ಗುರುತು ಸಣ್ಣದು. 2011ರ ಸೆಪ್ಟೆಂಬರಿನಲ್ಲಿ 1,900 ಡಾಲರನ್ನು ದಾಟಿದ ಚಿನ್ನ, ಅಲ್ಲಿಂದ ಇಳಿದ ಮೇಲೆ ಅದೇ ತಿಂಗಳ ಕೊನೆಯಲ್ಲಿ, ಆ ವರ್ಷದ ಡಿಸೆಂಬರಿನಲ್ಲಿ, ಮತ್ತೆ 2012ರ ಮೇ ತಿಂಗಳಿನಲ್ಲಿ ಸುಮಾರು 1,525ರಿಂದ 1,535 ಡಾಲರುಗಳ ಆಸುಪಾಸಿನಲ್ಲಿ ನಿಂತು ಮೇಲೆದ್ದಿತ್ತು. 2013ರ ಏಪ್ರಿಲ್ 12ರಂದು ಆ ಮಟ್ಟ ಮುರಿದು, ವಾರಾಂತ್ಯ ಕಳೆದು ಏಪ್ರಿಲ್ 15ರಂದು ಒಂದೇ ದಿನದಲ್ಲಿ ಸುಮಾರು ಶೇ 9ರಷ್ಟು ಕುಸಿಯಿತು. ಆ ಮಟ್ಟದಲ್ಲಿ ನಿಜವಾದ ಜನ ನಿಜವಾದ ಹಣ ಹಾಕಿ ಕೊಂಡಿದ್ದರು, ಅದರ ಕೆಳಗೆ ನಿಜವಾದ ಸ್ಟಾಪ್‌ಲಾಸ್ ಆದೇಶಗಳು ಕಾದಿದ್ದವು. ಗೆರೆಗೆ ಅರ್ಥ ಬರುವುದು ಹೀಗೆ.

ಹೊಲಿಗೆ ಎಷ್ಟು ದೊಡ್ಡ ಸಂಗತಿಯಾಗಬಹುದು ಎಂಬುದನ್ನು 2020ರ ಏಪ್ರಿಲ್ 20ರ ಕಚ್ಚಾ ತೈಲಕ್ಕಿಂತ ಚೆನ್ನಾಗಿ ತೋರಿಸಿದ ಘಟನೆ ಇನ್ನೊಂದಿಲ್ಲ. ಅಮೆರಿಕದ ಡಬ್ಲ್ಯುಟಿಐ ತೈಲದ ಮೇ ಕಾಂಟ್ರಾಕ್ಟು ಅವಧಿ ಮುಗಿಯುವ ಹಿಂದಿನ ದಿನವದು. ಕಾಂಟ್ರಾಕ್ಟನ್ನು ಉಳಿಸಿಕೊಂಡವರು ಓಕ್ಲಹೋಮಾದ ಕುಶಿಂಗ್‌ನಲ್ಲಿ ತೈಲವನ್ನು ನಿಜವಾಗಿಯೂ ಪಡೆದುಕೊಳ್ಳಬೇಕಿತ್ತು, ಆದರೆ ಅಲ್ಲಿನ ಟ್ಯಾಂಕುಗಳಲ್ಲಿ ಬಾಡಿಗೆಗೆ ಜಾಗ ಸಿಗುತ್ತಿರಲಿಲ್ಲ. ಹಿಂದಿನ ವಹಿವಾಟಿನ ದಿನ 18.27 ಡಾಲರಿಗೆ ಮುಗಿದಿದ್ದ ಬೆಲೆ ಅಂದು ಸೊನ್ನೆಯ ಕೆಳಗೆ 37.63 ಡಾಲರಿಗೆ ಮುಗಿಯಿತು. ಅದೇ ದಿನ ಜೂನ್ ಕಾಂಟ್ರಾಕ್ಟು 20.43 ಡಾಲರಿನಲ್ಲಿ ಮುಗಿದಿತ್ತು. ಒಂದೇ ಸರಕು, ಒಂದೇ ದಿನ, ಎರಡು ಬೆಲೆಗಳ ನಡುವೆ 58 ಡಾಲರುಗಳ ಅಂತರ. ಅಂದು ಚಾರ್ಟ್ ನೋಡಿ ‘ಕಚ್ಚಾ ತೈಲದ ಬೆಲೆ ಇಷ್ಟು’ ಎಂದು ಹೇಳುವವನು ಯಾವುದನ್ನು ಹೇಳಬೇಕಿತ್ತು? ಬೆಲೆ ವಿಪರೀತ ಇಳಿದಿದೆ, ಇನ್ನು ಏರಲೇಬೇಕು ಎಂದು ಆಸಿಲೇಟರ್ ಎಂಬ ಬಗೆಯ ಸೂಚಕಗಳು ಹೇಳುತ್ತಿದ್ದ ಹೊತ್ತಿನಲ್ಲಿ ಮೇ ಕಾಂಟ್ರಾಕ್ಟು ಕೊಂಡವರಿಗೆ, ಅವರ ಸೂಚಕಕ್ಕೆ ಟ್ಯಾಂಕಿನ ವಿಷಯ ಗೊತ್ತಿಲ್ಲ ಎಂಬುದನ್ನು ಯಾರೂ ಹೇಳಿರಲಿಲ್ಲ. ಅಂದಹಾಗೆ, ಲಾಗರಿದಮ್ ಮಾಪಕದಲ್ಲಿ ಚಾರ್ಟ್ ಎಳೆಯುವವರಿಗೆ ಆ ದಿನದ ಬಿಂದುವನ್ನು ಇಂದಿಗೂ ಎಳೆಯಲು ಬರುವುದಿಲ್ಲ. ಸೊನ್ನೆಗಿಂತ ಕಡಿಮೆಯಾದ ಸಂಖ್ಯೆಗೆ ಅಲ್ಲಿ ಜಾಗವೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಚಾರ್ಟನ್ನು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಫ್ಯೂಚರ್ಸ್ ಮಾರುಕಟ್ಟೆ ಹಳೆಯದು: ಒಸಾಕಾದ ದೋಜಿಮಾದಲ್ಲಿ ಅಕ್ಕಿಯ ವಾಯಿದಾ ವ್ಯಾಪಾರಕ್ಕೆ 1730ರಲ್ಲಿಯೇ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು, ಚಿಕಾಗೊದ ವಿನಿಮಯ ಕೇಂದ್ರ 1848ರಲ್ಲಿ ಆರಂಭವಾಯಿತು. ಅಷ್ಟು ದೀರ್ಘ ಕಾಲದಿಂದಲೂ ಈ ಮಾರುಕಟ್ಟೆಗಳಲ್ಲಿ ಎರಡು ಬಗೆಯ ಜನ ಎದುರುಬದುರಾಗಿ ನಿಂತಿದ್ದಾರೆ: ಬೆಲೆಯ ಅಪಾಯವನ್ನು ಬೇರೆಯವರಿಗೆ ದಾಟಿಸಲು ಬಯಸುವ ಬೆಳೆಗಾರರು, ಗಣಿಗಾರರು, ಗಿರಣಿಯವರು ಒಂದು ಕಡೆ, ಆ ಅಪಾಯವನ್ನು ಲಾಭದ ಆಸೆಯಿಂದ ಹೊರುವವರು ಇನ್ನೊಂದು ಕಡೆ. ಸರಕಿನ ಕೊರತೆ ಒಂದೇ ದಿನದಲ್ಲಿ ಉಂಟಾಗುವುದೂ ಇಲ್ಲ, ನಿವಾರಣೆಯಾಗುವುದೂ ಇಲ್ಲ. ಬೆಲೆ ಏರಿತೆಂದು ಹೊಸ ಗಣಿ ತೆರೆಯಲು ವರ್ಷಗಳೇ ಬೇಕು, ಹೊಸದಾಗಿ ನೆಟ್ಟ ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಆ ನಡುವಿನ ಕಾಲದಲ್ಲಿ ಬೆಲೆ ಒಂದೇ ದಿಕ್ಕಿನಲ್ಲಿ ದೀರ್ಘವಾಗಿ ಚಲಿಸುವುದಕ್ಕೆ ಅವಕಾಶವಿದೆ. ಇದು ಬರಿಯ ನಂಬಿಕೆಯಲ್ಲ. ಮೊಸ್ಕೊವಿಟ್ಜ್, ಊಯಿ ಮತ್ತು ಪೀಡರ್ಸನ್ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಮಾಡಿಟಿ, ಕರೆನ್ಸಿ, ಷೇರು ಸೂಚ್ಯಂಕ ಮತ್ತು ಬಾಂಡುಗಳಿಗೆ ಸೇರಿದ 58 ಫ್ಯೂಚರ್ಸ್ ಹಾಗೂ ಫಾರ್ವರ್ಡ್‌ಗಳನ್ನು ಪರಿಶೀಲಿಸಿ, ಹಿಂದಿನ ಹನ್ನೆರಡು ತಿಂಗಳ ದಿಕ್ಕು ಮುಂದಿನ ಕೆಲವು ಕಾಲ ಮುಂದುವರಿಯುವ ಒಲವು ತೋರುತ್ತದೆ, ಆಮೇಲೆ ಅದು ಭಾಗಶಃ ಹಿಮ್ಮುಖವಾಗುತ್ತದೆ ಎಂದು ಕಂಡುಕೊಂಡಿದ್ದರು.

ಈ ಒಲವನ್ನು ಬಳಸಿಕೊಳ್ಳುವ ನಿಯಮಗಳು ಆಶ್ಚರ್ಯವಾಗುವಷ್ಟು ಸರಳ. 1949ರಲ್ಲಿಯೇ ಫ್ಯೂಚರ್ಸ್ ನಿಧಿಯೊಂದನ್ನು ಆರಂಭಿಸಿದ್ದ ರಿಚರ್ಡ್ ಡೊಂಚಿಯನ್ ಅವರ ನಾಲ್ಕು ವಾರಗಳ ನಿಯಮ ಇಷ್ಟೇ: ಬೆಲೆ ಹಿಂದಿನ ನಾಲ್ಕು ವಾರಗಳ ಗರಿಷ್ಠವನ್ನು ಮೀರಿದರೆ ಕೊಳ್ಳಿ, ಕನಿಷ್ಠಕ್ಕಿಂತ ಇಳಿದರೆ ಮಾರಿ. 1983ರ ಕೊನೆಯಲ್ಲಿ ರಿಚರ್ಡ್ ಡೆನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್, ವಹಿವಾಟನ್ನು ಕಲಿಸಲು ಸಾಧ್ಯವೇ ಎಂಬ ತಮ್ಮ ವಾದವನ್ನು ಪರೀಕ್ಷಿಸಲೆಂದು ಹೊಸಬರನ್ನು ಆರಿಸಿ ‘ಟರ್ಟಲ್’ ಎಂದು ಹೆಸರಿಟ್ಟು ತರಬೇತಿ ಕೊಟ್ಟಾಗ ಕಲಿಸಿದ್ದೂ ಇದರ ವಂಶದ್ದೇ: 20 ದಿನಗಳ ಗರಿಷ್ಠ ಮೀರಿದರೆ ಪ್ರವೇಶ, 10 ದಿನಗಳ ಕನಿಷ್ಠಕ್ಕೆ ನಿರ್ಗಮನ, ಇನ್ನೊಂದು ನಿಧಾನದ ಪದ್ಧತಿಯಲ್ಲಿ 55 ಮತ್ತು 20. ಇಂಥ ನಿಯಮ ಶಿಖರದಲ್ಲಿ ಮಾರಿಸುವುದಿಲ್ಲ, ತಳದಲ್ಲಿ ಕೊಳ್ಳಿಸುವುದೂ ಇಲ್ಲ. 2008ರ ಜುಲೈಯಲ್ಲಿ ತೈಲ 147 ಡಾಲರ್ ಮುಟ್ಟಿದ ದಿನ ಬ್ರೇಕ್‌ಔಟನ್ನು, ಎಂದರೆ ಬೆಲೆ ಹಳೆಯ ಗರಿಷ್ಠ ಅಥವಾ ಕನಿಷ್ಠವನ್ನು ದಾಟುವುದನ್ನು, ಅನುಸರಿಸುವವನು ಇನ್ನೂ ಖರೀದಿಯ ಸ್ಥಾನದಲ್ಲಿಯೇ ಇದ್ದಿರುತ್ತಾನೆ. ಬೆಲೆ ಸಾಕಷ್ಟು ಇಳಿದ ಮೇಲೆ ಹೊರಬಂದು, ಇನ್ನಷ್ಟು ಇಳಿದ ಮೇಲೆ ಮಾರಾಟದ ಸ್ಥಾನ (ಬೆಲೆ ಇಳಿದರೆ ಲಾಭ ತರುವ ಸ್ಥಾನ) ಹಿಡಿದಿರುತ್ತಾನೆ. ಆದರೆ ಆ ಡಿಸೆಂಬರಿನಲ್ಲಿ ಬೆಲೆ 35 ಡಾಲರಿಗಿಂತಲೂ ಕೆಳಗೆ ಹೋಗಿತ್ತು, ಆದ್ದರಿಂದ ತಡವಾಗಿ ಬಂದವನಿಗೂ ದಾರಿ ಉದ್ದವಾಗಿಯೇ ಉಳಿದಿತ್ತು. ತಡವಾಗಿ ಬರುವುದಕ್ಕೆ ಒಪ್ಪದವರಿಗೆ ಈ ಮಾರ್ಗ ಒಗ್ಗುವುದಿಲ್ಲ. ನನಗೆ ಒಗ್ಗಲು ಮೂರು ವರ್ಷ ಹಿಡಿಯಿತು.

ಸೂಚಕಗಳ ವಿಚಾರದಲ್ಲಿ ನನ್ನ ಆಸಕ್ತಿ ಕ್ರಮೇಣ ಕಡಿಮೆಯಾಗಿದೆ. ಏರಿಕೆ ಇಳಿಕೆಗಳ ಬಲವನ್ನು 0ಯಿಂದ 100ರವರೆಗೆ ಅಳೆಯುವ ಆರ್‌ಎಸ್‌ಐ ಸೂಚಕ 70 ದಾಟಿತೆಂದು ಮಾರಿದವನು, ನಿಜವಾದ ಕೊರತೆ ಇರುವ ಸರಕಿನಲ್ಲಿ ಅದು ವಾರಗಟ್ಟಲೆ 70ರ ಮೇಲೆಯೇ ಇರಬಲ್ಲದು ಎಂಬುದನ್ನು ತನ್ನ ಹಣದಿಂದಲೇ ಕಲಿಯಬೇಕಾಗುತ್ತದೆ. ಎಂಎಸಿಡಿ, ಬೋಲಿಂಜರ್ ಬ್ಯಾಂಡ್ ಮುಂತಾದವೆಲ್ಲ ಅದೇ ಬೆಲೆಯನ್ನು ಬೇರೆ ಬೇರೆ ಬಗೆಯಲ್ಲಿ ಅರೆದು ಕೊಡುವಂಥವು. ನಾಲ್ಕು ಸೂಚಕಗಳು ಒಂದೇ ಮಾತು ಹೇಳಿದವೆಂದರೆ ನಾಲ್ಕು ಸಾಕ್ಷಿಗಳು ಸಿಕ್ಕಂತಾಗುವುದಿಲ್ಲ. ದಿನದ ಆರಂಭ, ಮುಕ್ತಾಯ, ಗರಿಷ್ಠ, ಕನಿಷ್ಠ ಬೆಲೆಗಳನ್ನು ಮೇಣದ ಬತ್ತಿಯ ಆಕಾರದಲ್ಲಿ ತೋರಿಸುವ ಕ್ಯಾಂಡಲ್ ವಿನ್ಯಾಸಗಳ ಬಗ್ಗೆ ಇನ್ನೊಂದು ಸಂದೇಹವಿದೆ. ದಿನದ ಆರಂಭ ಮತ್ತು ಮುಕ್ತಾಯ ಎಂಬವು ಸ್ಪಷ್ಟವಾಗಿದ್ದ ಕಾಲದಲ್ಲಿ ಹುಟ್ಟಿದ ವಿನ್ಯಾಸಗಳವು. ಈಗ ಚಿನ್ನ, ತೈಲಗಳ ವಹಿವಾಟು ದಿನಕ್ಕೆ ಸುಮಾರು 23 ಗಂಟೆ ನಡೆಯುತ್ತದೆ. ದಿನವನ್ನು ಯಾವ ಗಂಟೆಗೆ ಕತ್ತರಿಸುತ್ತೀರಿ ಎಂಬುದರ ಮೇಲೆ ಕ್ಯಾಂಡಲಿನ ಆಕಾರವೇ ಬದಲಾಗುತ್ತದೆ. ಅಲ್ಲದೆ ವಿನಿಮಯ ಕೇಂದ್ರ ತನ್ನ ವಿಧಾನದಿಂದ ನಿಗದಿಪಡಿಸುವ ಸೆಟಲ್‌ಮೆಂಟ್ ಬೆಲೆಯೂ ಕೊನೆಯ ವ್ಯವಹಾರದ ಬೆಲೆಯೂ ಒಂದೇ ಅಲ್ಲ. ಒಂದು ತಂತ್ರಾಂಶ ಮೊದಲನೆಯದನ್ನು ಮುಕ್ತಾಯವೆಂದು ತೋರಿಸುತ್ತದೆ, ಇನ್ನೊಂದು ಎರಡನೆಯದನ್ನು. ಒಂದೇ ದಿನ ಒಂದರಲ್ಲಿ ಕಂಡ ಡೋಜಿ (ಆರಂಭವೂ ಮುಕ್ತಾಯವೂ ಹೆಚ್ಚುಕಡಿಮೆ ಒಂದೇ ಆದ ಕ್ಯಾಂಡಲ್) ಇನ್ನೊಂದರಲ್ಲಿ ಕಾಣದೇ ಹೋದದ್ದನ್ನು ನೋಡಿದ ಮೇಲೆ ನಾನು ಆ ವಿನ್ಯಾಸಗಳ ಹೆಸರುಗಳನ್ನು ಮರೆಯಲು ಆರಂಭಿಸಿದೆ.

ಆದರೆ ಓಪನ್ ಇಂಟರೆಸ್ಟ್ ಅನ್ನು, ಎಂದರೆ ಇನ್ನೂ ಮುಚ್ಚದೆ ಉಳಿದಿರುವ ಕಾಂಟ್ರಾಕ್ಟುಗಳ ಒಟ್ಟು ಸಂಖ್ಯೆಯನ್ನು, ಬಿಟ್ಟಿಲ್ಲ, ಏಕೆಂದರೆ ಅದು ಬೆಲೆಯಿಂದ ಹುಟ್ಟಿದ್ದಲ್ಲ. ಹೊಸ ಖರೀದಿದಾರನೊಬ್ಬ ಹೊಸ ಮಾರಾಟಗಾರನೊಂದಿಗೆ ವ್ಯವಹರಿಸಿದರೆ ಅದು ಒಂದು ಹೆಚ್ಚುತ್ತದೆ. ಇಬ್ಬರೂ ಹಳೆಯ ಸ್ಥಾನವನ್ನು ಮುಚ್ಚುತ್ತಿದ್ದರೆ ಒಂದು ಕಡಿಮೆಯಾಗುತ್ತದೆ. ಒಬ್ಬ ಒಳಬಂದು ಇನ್ನೊಬ್ಬ ಹೊರಹೋದರೆ ಇದ್ದಷ್ಟೇ ಇರುತ್ತದೆ. ಬೆಲೆ ಏರುತ್ತಿದ್ದು ಓಪನ್ ಇಂಟರೆಸ್ಟ್ ಇಳಿಯುತ್ತಿದ್ದರೆ, ಮಾರಿ ಕುಳಿತಿದ್ದವರು ಹೆದರಿ ಮರಳಿ ಕೊಳ್ಳುತ್ತಿದ್ದಾರೆ ಎಂದು ಊಹಿಸಬಹುದು, ಅಂಥ ಏರಿಕೆಗೆ ಅವರ ಸರದಿ ಮುಗಿದ ಮೇಲೆ ಇಂಧನ ಉಳಿಯದಿರಬಹುದು. ಇಲ್ಲಿಯೂ ಹೊಲಿಗೆಯ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಅವಧಿ ಮುಗಿಯುವ ಕಾಂಟ್ರಾಕ್ಟಿನಲ್ಲಿ ಓಪನ್ ಇಂಟರೆಸ್ಟ್ ಇಳಿಯಲೇಬೇಕು, ಎಲ್ಲರೂ ಮುಂದಿನ ತಿಂಗಳಿಗೆ ದಾಟುತ್ತಿರುತ್ತಾರೆ. ಅದನ್ನು ಕಂಡು ‘ಆಸಕ್ತಿ ಕುಗ್ಗುತ್ತಿದೆ’ ಎಂದು ಬರೆಯುವ ವಿಶ್ಲೇಷಣೆಗಳನ್ನು ನಾನು ಪ್ರತಿ ತಿಂಗಳೂ ಓದುತ್ತೇನೆ. ನೋಡಬೇಕಾದದ್ದು ಎಲ್ಲ ತಿಂಗಳುಗಳ ಒಟ್ಟು ಮೊತ್ತವನ್ನು. ಯಾರು ಯಾವ ಕಡೆ ನಿಂತಿದ್ದಾರೆ ಎಂಬುದಕ್ಕೆ ಅಮೆರಿಕದ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ ಪ್ರತಿ ವಾರ ವರದಿ ಕೊಡುತ್ತದೆ. ಮಂಗಳವಾರದ ಲೆಕ್ಕ ಸಾಮಾನ್ಯವಾಗಿ ಶುಕ್ರವಾರ ಹೊರಬರುವುದರಿಂದ ಅದು ಹಿನ್ನೆಲೆಗೆ ಸರಿ, ಪ್ರವೇಶದ ಸೂಚನೆಗೆ ಸಾಲದು.

ಚಾರ್ಟಿನಿಂದ ನನಗೆ ನಿಜಕ್ಕೂ ಸಿಗುವ ಪ್ರಯೋಜನ ಬೇರೆಡೆ ಇದೆ. ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕಿಂತ, ಎಲ್ಲಿಗೆ ಬಂದರೆ ನನ್ನ ಊಹೆ ತಪ್ಪು ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ, ಮತ್ತು ಎಷ್ಟು ಕಾಂಟ್ರಾಕ್ಟು ಕೊಳ್ಳಬಹುದೆಂಬ ಲೆಕ್ಕ ಅಲ್ಲಿಂದಲೇ ಹುಟ್ಟುತ್ತದೆ. ಇದಕ್ಕೆ ಬೇಕಾದ ಅಳತೆಯನ್ನು ಕೊಟ್ಟವರು ವೆಲ್ಸ್ ವೈಲ್ಡರ್. ಮೂಲತಃ ಮೆಕ್ಯಾನಿಕಲ್ ಎಂಜಿನಿಯರಾಗಿದ್ದು ಕಮಾಡಿಟಿ ವಹಿವಾಟಿಗೆ ಬಂದ ಅವರು 1978ರಲ್ಲಿ ಆರ್‌ಎಸ್‌ಐ ಜೊತೆಯಲ್ಲಿಯೇ ಎಟಿಆರ್ ಎಂಬ ಸರಾಸರಿ ನೈಜ ವ್ಯಾಪ್ತಿಯನ್ನೂ ಪರಿಚಯಿಸಿದರು. ದಿನದ ಗರಿಷ್ಠ ಮತ್ತು ಕನಿಷ್ಠಗಳ ಅಂತರ ಮಾತ್ರ ಸಾಲದೇ ಎಂದು ಕೇಳಬಹುದು. ಕಮಾಡಿಟಿಗಳಲ್ಲಿ ಸಾಲದು: ದೈನಿಕ ಬೆಲೆ ಮಿತಿ ಇರುವ ಸರಕು ಬೆಳಿಗ್ಗೆಯೇ ಮಿತಿಗೆ ಹಾರಿ ಇಡೀ ದಿನ ಅಲ್ಲಿಯೇ ಸಿಕ್ಕಿಕೊಂಡರೆ ಗರಿಷ್ಠವೂ ಕನಿಷ್ಠವೂ ಒಂದೇ ಆಗಿ ಅಂತರ ಸೊನ್ನೆ ಬರುತ್ತದೆ, ಅಷ್ಟು ಭಯಂಕರ ದಿನ ಶಾಂತ ದಿನವೆಂದು ದಾಖಲಾಗುತ್ತದೆ. ಹಿಂದಿನ ದಿನದ ಮುಕ್ತಾಯವನ್ನೂ ಲೆಕ್ಕಕ್ಕೆ ಸೇರಿಸಿ ವೈಲ್ಡರ್ ಈ ತೊಡಕನ್ನು ಬಿಡಿಸಿದರು.

ಒಂದು ಕಲ್ಪಿತ ಲೆಕ್ಕ ನೋಡೋಣ. ಖಾತೆಯಲ್ಲಿ 50,000 ಡಾಲರ್ ಇದೆ, ಒಂದು ವ್ಯವಹಾರದಲ್ಲಿ ಶೇ 1ಕ್ಕಿಂತ, ಎಂದರೆ 500 ಡಾಲರಿಗಿಂತ, ಹೆಚ್ಚು ಕಳೆದುಕೊಳ್ಳಬಾರದು ಎಂಬುದು ನಿಯಮ. ಚಿನ್ನದ ಪೂರ್ಣ ಗಾತ್ರದ ಕಾಂಟ್ರಾಕ್ಟು 100 ಔನ್ಸಿನದು. ಎಟಿಆರ್ 30 ಡಾಲರ್ ಇದೆ ಎಂದುಕೊಂಡರೆ, ಟರ್ಟಲ್‌ಗಳಂತೆ ಅದರ ಎರಡರಷ್ಟು ದೂರದಲ್ಲಿ ಸ್ಟಾಪ್‌ಲಾಸ್ ಇಟ್ಟಾಗ ಔನ್ಸಿಗೆ 60, ಕಾಂಟ್ರಾಕ್ಟಿಗೆ 6,000 ಡಾಲರ್ ಅಪಾಯ. ಇದು ಅನುಮತಿಯ ಹನ್ನೆರಡು ಪಟ್ಟು. 10 ಔನ್ಸಿನ ಮೈಕ್ರೊ ಕಾಂಟ್ರಾಕ್ಟಿನಲ್ಲಿಯೂ 600 ಡಾಲರ್ ಆಗುತ್ತದೆ, ಅದೂ ಮಿತಿ ಮೀರಿತು. 5,000 ಬುಶೆಲ್‌ಗಳ ಮೆಕ್ಕೆಜೋಳದ ಎಟಿಆರ್ 8 ಸೆಂಟ್ ಆಗಿದ್ದರೆ, ಎರಡರಷ್ಟಕ್ಕೆ 800 ಡಾಲರ್. ಅದೂ ಆಗದು. ಈ ಲೆಕ್ಕವನ್ನು ನಾನು ಮೊದಲ ಬಾರಿ ಕಾಗದದ ಮೇಲೆ ಮಾಡಿದಾಗ, ಅದುವರೆಗೆ ನಾನು ಮಾಡಿದ್ದ ಒಂದು ವ್ಯವಹಾರವೂ ನನ್ನ ಖಾತೆಗೆ ಅಳತೆಯದಾಗಿರಲಿಲ್ಲ ಎಂಬುದು ತಿಳಿಯಿತು. ಬ್ರೋಕರ್ ಕೇಳುವ ಮಾರ್ಜಿನ್ ನನ್ನಲ್ಲಿ ಇತ್ತು; ಅಷ್ಟಿದ್ದರೆ ಸಾಕು ಎಂದುಕೊಂಡಿದ್ದೆ. ಮಾರ್ಜಿನ್ ಎನ್ನುವುದು ವಿನಿಮಯ ಕೇಂದ್ರ ತನ್ನ ಸುರಕ್ಷತೆಗಾಗಿ ಕೇಳುವ ಠೇವಣಿ, ನನ್ನ ಸುರಕ್ಷತೆಯ ಲೆಕ್ಕ ಅದರಲ್ಲಿಲ್ಲ. ಸ್ಟಾಪ್‌ಲಾಸನ್ನು ಹತ್ತಿರಕ್ಕೆ ಎಳೆದು ಲೆಕ್ಕ ಹೊಂದಿಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ದಿನದ ಸಹಜ ಏರಿಳಿತದೊಳಗೆ ಇಟ್ಟ ಸ್ಟಾಪ್‌ಲಾಸ್, ಊಹೆ ಸರಿಯಿದ್ದಾಗಲೂ ಹೊರದಬ್ಬುತ್ತದೆ.

ಸರಿಯಾದ ದೂರದಲ್ಲಿಟ್ಟ ಸ್ಟಾಪ್‌ಲಾಸ್ ಕೂಡ ಭರವಸೆಯಲ್ಲ. ಬೆಲೆ ಮಿತಿಯಲ್ಲಿ ಸಿಕ್ಕಿಕೊಂಡ ದಿನ ಎದುರು ಪಕ್ಷವೇ ಇರುವುದಿಲ್ಲ, ಆದೇಶ ಕಾಯುತ್ತ ಕುಳಿತಿರುತ್ತದೆ. ಅಮೆರಿಕದ ಕೃಷಿ ಇಲಾಖೆಯ ಮಾಸಿಕ ಬೆಳೆ ಅಂದಾಜು ಹೊರಬೀಳುವ ಕ್ಷಣದಲ್ಲಿ, ಬುಧವಾರದ ತೈಲ ದಾಸ್ತಾನಿನ ವರದಿಯ ಅಥವಾ ಗುರುವಾರದ ಅನಿಲ ದಾಸ್ತಾನಿನ ವರದಿಯ ಕ್ಷಣದಲ್ಲಿ ಬೆಲೆ ನಿಮ್ಮ ಮಟ್ಟವನ್ನು ಹಾರಿ ದಾಟಬಹುದು. ನಿಯಮಗಳೇ ನಡುವೆ ಬದಲಾಗುವುದೂ ಉಂಟು. 2011ರ ಏಪ್ರಿಲ್ ಕೊನೆಯಲ್ಲಿ ಬೆಳ್ಳಿ 50 ಡಾಲರಿನ ಸಮೀಪಕ್ಕೆ, 1980ರ ಜನವರಿಯಲ್ಲಿ ಮುಟ್ಟಿದ್ದ ಎತ್ತರಕ್ಕೆ, ಬಂದು ನಿಂತಿತ್ತು. ಮೂವತ್ತೊಂದು ವರ್ಷಗಳ ನಡುವೆ ಅದೆಷ್ಟು ಕಾಂಟ್ರಾಕ್ಟುಗಳು ಹುಟ್ಟಿ ಸತ್ತಿದ್ದವೋ. ಆದರೂ ಆ ದುಂಡು ಸಂಖ್ಯೆಯನ್ನು ಜನ ಮರೆತಿರಲಿಲ್ಲ. ನನ್ನ ಹೊಲಿಗೆಯ ವಾದಕ್ಕೆ ಇದು ಸ್ವಲ್ಪ ಮುಜುಗರ ತರುವ ಉದಾಹರಣೆ ಎಂಬುದನ್ನು ಒಪ್ಪುತ್ತೇನೆ. ಎರಡು ವಾರಗಳೊಳಗೆ ವಿನಿಮಯ ಕೇಂದ್ರ ಹಲವು ಬಾರಿ ಮಾರ್ಜಿನ್ ಏರಿಸಿತು, ಮೇ ಮೊದಲ ವಾರದಲ್ಲಿ ಬೆಳ್ಳಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಇನ್ನೂ ವಿಚಿತ್ರವಾದದ್ದು 2022ರ ಮಾರ್ಚಿ 8ರಂದು ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ನಡೆದದ್ದು: ನಿಕ್ಕಲ್ ಬೆಲೆ ಟನ್ನಿಗೆ 1,00,000 ಡಾಲರನ್ನು ದಾಟಿದ ಮೇಲೆ ವಹಿವಾಟು ನಿಲ್ಲಿಸಿ, ಆ ದಿನದ ವ್ಯವಹಾರಗಳನ್ನೇ ರದ್ದು ಮಾಡಿದರು. ಅಂದು ಬೆಳಿಗ್ಗೆ ಲಾಭದಲ್ಲಿ ಮಾರಿದವನ ಲಾಭ ಸಂಜೆಗೆ ಇಲ್ಲವಾಗಿತ್ತು. ಆ ದಿನದ ಕ್ಯಾಂಡಲನ್ನು ಚಾರ್ಟಿನಲ್ಲಿ ಎಳೆಯಬೇಕೇ ಬೇಡವೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹಳೆಯ ದತ್ತಾಂಶದ ಮೇಲೆ ನಿಯಮವನ್ನು ಪರೀಕ್ಷಿಸುವವರು ಹೊಲಿಗೆಯನ್ನು ಮರೆತರೆ ಫಲಿತಾಂಶವೇ ಸುಳ್ಳಾಗುತ್ತದೆ. ತಿದ್ದದ ಚಾರ್ಟಿನಲ್ಲಿ ಪ್ರತಿ ರೋಲ್‌ನ ಜಿಗಿತವನ್ನೂ ಗಣಕ ಲಾಭವೆಂದೋ ನಷ್ಟವೆಂದೋ ಎಣಿಸುತ್ತದೆ. ಪ್ರತಿ ರೋಲ್‌ನಲ್ಲಿ ಒಂದು ಮಾರಾಟ, ಒಂದು ಖರೀದಿ, ಎರಡರ ಖರ್ಚೂ ಇದೆ ಎಂಬುದನ್ನು ಎಣಿಸುವುದಿಲ್ಲ. 20 ದಿನದ ಬದಲು 23 ದಿನ ಹಾಕಿದರೆ ಲಾಭ ಇಮ್ಮಡಿಯಾಗುವ ನಿಯಮ ಸಿಕ್ಕಿದರೆ ಸಂತೋಷಪಡುವ ಬದಲು ಅನುಮಾನಪಡುವುದು ಒಳ್ಳೆಯದು. ಲೆಕ್ಕ ಪ್ರಾಮಾಣಿಕವಾಗಿದ್ದರೂ ಅದರೊಡನೆ ಬದುಕುವುದು ಸುಲಭವಲ್ಲ. ನೂರರಲ್ಲಿ 38 ಬಾರಿ ಗೆದ್ದು, ಗೆದ್ದಾಗ ಸೋಲಿನ ಮೂರರಷ್ಟು ಗಳಿಸುವ ಒಂದು ನಿಯಮವಿದೆ ಎಂದುಕೊಳ್ಳಿ. ಸೋಲಿನ ಮೊತ್ತವನ್ನು ಒಂದು ಎಂದಿಟ್ಟುಕೊಂಡರೆ ಪ್ರತಿ ವ್ಯವಹಾರಕ್ಕೆ ಸರಾಸರಿ 0.52ರಷ್ಟು ಗಳಿಕೆ; ಉತ್ತಮ ನಿಯಮವೇ. ಆದರೆ ಅದೇ ನಿಯಮದಲ್ಲಿ ಯಾವುದೇ ಎಂಟು ವ್ಯವಹಾರಗಳು ಸಾಲಾಗಿ ಸೋಲುವ ಸಾಧ್ಯತೆ ಸುಮಾರು ಶೇ 2. ಕಡಿಮೆ ಎನಿಸುತ್ತದೆ. ಇನ್ನೂರು ವ್ಯವಹಾರ ಮಾಡಿದವನಿಗೆ ಅಂಥ ಸಾಲು ಒಮ್ಮೆಯಾದರೂ ಎದುರಾಗುವ ಸಾಧ್ಯತೆಯೇ ಹೆಚ್ಚು. ಆರನೆಯ ಸೋಲಿನ ಹೊತ್ತಿಗೆ ನಾನು ಎರಡು ಬಾರಿ ನಿಯಮವನ್ನು ಕೈಬಿಟ್ಟಿದ್ದೇನೆ, ಎರಡೂ ಬಾರಿ ಕೈಬಿಟ್ಟ ಮೇಲಿನ ವ್ಯವಹಾರವೇ ದೊಡ್ಡ ಗೆಲುವಾಗಿತ್ತು. ಮಾಡದ ವ್ಯವಹಾರವಾದ್ದರಿಂದ ಅದು ನನ್ನ ಖಾತೆಯಲ್ಲಿಲ್ಲ, ಟಿಪ್ಪಣಿ ಪುಸ್ತಕದಲ್ಲಿದೆ.

ಆ ಪುಸ್ತಕದಲ್ಲಿ ಈಗ ಪ್ರತಿ ವ್ಯವಹಾರಕ್ಕೂ ಮೊದಲು ಬರೆಯುವ ಸಾಲುಗಳು ನಾಲ್ಕು: ಯಾವ ತಿಂಗಳ ಕಾಂಟ್ರಾಕ್ಟು ಮತ್ತು ಅದರ ಮೊದಲ ನೋಟಿಸ್ ದಿನ (ಸರಕನ್ನು ಪಡೆದುಕೊಳ್ಳಿ ಎಂಬ ಸೂಚನೆ ಬರಬಹುದಾದ ಮೊದಲ ದಿನ) ಯಾವುದು, ನಾನು ನೋಡುತ್ತಿರುವ ಚಾರ್ಟನ್ನು ಯಾವ ವಿಧಾನದಲ್ಲಿ ಹೊಲಿಯಲಾಗಿದೆ, ಮುಂದಿನ ವರದಿ ಎಂದು ಬರುತ್ತದೆ, ಬೆಲೆ ಎಲ್ಲಿಗೆ ಬಂದರೆ ಹೊರಡುತ್ತೇನೆ. ಮೆಕ್ಕೆಜೋಳದಲ್ಲಿ ಮೊದಲ ನೋಟಿಸ್ ದಿನ ವಿತರಣೆಯ ತಿಂಗಳಿಗೆ ಹಿಂದಿನ ತಿಂಗಳ ಕೊನೆಯ ವ್ಯವಹಾರದ ದಿನ ಬರುತ್ತದೆ. ಅದಕ್ಕೆ ಎರಡು ವಾರ ಮೊದಲೇ ಮುಂದಿನ ತಿಂಗಳಿಗೆ ದಾಟಿಬಿಡುತ್ತೇನೆ, ದಾಟಿದ ದಿನ ಹಳೆಯ ಗೆರೆಗಳನ್ನೆಲ್ಲ ಅಳಿಸಿ ಹೊಸ ಕಾಂಟ್ರಾಕ್ಟಿನ ಚಾರ್ಟಿನ ಮೇಲೆ ಮತ್ತೆ ಎಳೆಯುತ್ತೇನೆ. ಸುಮಾರು ಒಂದು ಗಂಟೆಯ ಕೆಲಸ. ಎಷ್ಟೋ ಸಲ, ಹಾಗೆ ಎಳೆದು ಮುಗಿಸುವ ಹೊತ್ತಿಗೆ, ಹಿಂದಿನ ವಾರ ನನಗೆ ಬಹಳ ಖಚಿತವಾಗಿ ಕಂಡಿದ್ದ ಮಟ್ಟವೊಂದು ಹೊಸ ಚಾರ್ಟಿನಲ್ಲಿ ಇರುವುದೇ ಇಲ್ಲ.